ಎಣ್ಣೆ ಕುಡಿದ ಮರಕ್ಕೆ ಪಟ್ಟು

ಲಿಂಗಸುಗೂರು, ಮಸ್ಕಿ, ಸಿಂಧನೂರು ಸೀಮೆಯ ಹಳೆಯ ಬಂಡಿಯೊಂದರ ಗಾಲಿ ಕಳಚಿ ನೋಡಿದರೆ, ಮರ ಎಷ್ಟು ಎಣ್ಣೆ ಕುಡಿಯಬಲ್ಲದು ಎಂಬುದು ಕಣ್ಣಿಗೇ ಕಾಣುತ್ತದೆ. ಗಾಲಿಯ ನಡುವಿನ ಗುಂಬ ಜಾಲಿಯದು, ಕಲ್ಲಿನಂಥ ಕಟ್ಟಿಗೆ. ಆದರೂ ಇಪ್ಪತ್ತು ಮೂವತ್ತು ವರ್ಷ ಅಚ್ಚಿನ ಸುತ್ತ ಕೀಲೆಣ್ಣೆ ಸವರಿಸಿಕೊಂಡ ಮೇಲೆ ಅದರ ಒಳಮೈ ಇದ್ದಲಿನಂತೆ ಕಪ್ಪಾಗಿರುತ್ತದೆ. ಕೆರೆದರೆ ಜಿಡ್ಡು ಉಗುರಿಗೆ ಬರುತ್ತದೆ. ಉರುಳುವುದನ್ನು ಬಿಟ್ಟು ಎಷ್ಟೋ ವರ್ಷವಾದ ಗಾಲಿಯನ್ನು ಏಪ್ರಿಲ್ ಬಿಸಿಲಿಗೆ ಇಟ್ಟರೂ ಗುಂಬ ಬೆವರತೊಡಗುತ್ತದೆ. ಟೈರಿನ ಬಂಡಿಗಳು ಬಂದ ಮೇಲೆ ಇಂಥ ಗಾಲಿಗಳು ಹಿತ್ತಲು ಸೇರಿದವು. ಈಗ ಅವುಗಳಲ್ಲಿ ಕೆಲವು ಅಲಂಕಾರಕ್ಕೆಂದು ಪಟ್ಟಣದ ಹೋಟೆಲುಗಳ, ಬಂಗಲೆಗಳ ಅಂಗಳಕ್ಕೆ ಹೋಗುತ್ತವೆ. ಕೊಂಡವರು ವಾರ್ನಿಷ್ ಬಳಿಸುತ್ತಾರೆ. ಗಾಲಿಯ ಉಳಿದ ಭಾಗದ ಮೇಲೆ ಚೆನ್ನಾಗಿ ಕೂತ ವಾರ್ನಿಷ್ ಗುಂಬದ ಮೇಲೆ ಕೂರುವುದಿಲ್ಲ. ಕೆಲವೇ ತಿಂಗಳಲ್ಲಿ ಸಿಪ್ಪೆಯಾಗಿ ಏಳುತ್ತದೆ. ಎಣ್ಣೆ ಕುಡಿದ ಕಟ್ಟಿಗೆ ಬಣ್ಣವನ್ನೂ ಹಿಡಿಯುವುದಿಲ್ಲ, ಸರೇಸನ್ನೂ ಹಿಡಿಯುವುದಿಲ್ಲ ಎಂಬುದು ಬಡಿಗರಿಗೆ ಯಾರೂ ಹೇಳಿಕೊಡಬೇಕಾದ ಮಾತಲ್ಲ.

ಆ ಕೀಲೆಣ್ಣೆಯ ಮೂಲದ್ರವ್ಯ ಔಡಲೆಣ್ಣೆ. ಮೈಸೂರು ಕಡೆಯವರು ಹರಳೆಣ್ಣೆ ಎನ್ನುವುದೂ ಇದನ್ನೇ. ಹುಲ್ಲು ಸುಟ್ಟ ಮಸಿಯನ್ನು ಇದರಲ್ಲಿ ಕಲಸಿ, ಬಿದಿರಿನ ಗೊಟ್ಟದಲ್ಲಿ ತುಂಬಿ ಬಂಡಿಯ ಕೆಳಗೆ ತೂಗುಹಾಕಿಕೊಂಡು ಹೋಗುವುದು ಹಿಂದಿನವರ ಪದ್ಧತಿ. ಶೇಂಗಾ, ಕುಸುಬಿ ಎಣ್ಣೆಗಳಿಗಿಂತ ಔಡಲೆಣ್ಣೆ ಬಹಳ ಮಂದ. ಉಜ್ಜಾಟದ ಬಿಸಿಗೆ ಹರಿದು ಹೋಗದೆ ಅಚ್ಚಿಗೆ ಅಂಟಿಕೊಂಡೇ ಇರುತ್ತದೆ. ವರ್ಷಗಟ್ಟಲೆ ಗಾಳಿಗೆ ತೆರೆದಿಟ್ಟರೂ ಒಣಗಿ ಗಟ್ಟಿಯಾಗುವುದಿಲ್ಲ. ಬಂಡಿಯ ಅಚ್ಚಿಗೆ ಇವು ಎರಡೂ ಸದ್ಗುಣಗಳೇ. ಮರ ಜೋಡಿಸಬೇಕಾದವನಿಗೆ ಮಾತ್ರ ಎರಡೂ ಶತ್ರುಗಳು.

ಇದೇ ಔಡಲೆಣ್ಣೆಗೆ ಇನ್ನೊಂದು ಕಸುಬೂ ಇದೆ ಎಂಬುದು ಅದನ್ನು ಬೆಳೆಯುವ ರೈತರಲ್ಲಿ ಹೆಚ್ಚಿನವರಿಗೆ ತಿಳಿದಿರಲಾರದು. ಬೆಂಗಳೂರಿನ ಉತ್ತರಕ್ಕೆ, ಯಲಹಂಕದ ದಾರಿಯಲ್ಲಿರುವ ಜಕ್ಕೂರಿನಲ್ಲಿ ೧೯೪೦ರ ದಶಕದ ಕೊನೆಯಲ್ಲಿ ಶುರುವಾದ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯ ಮೈದಾನವಿದೆ. ಎನ್‌ಸಿಸಿಯ ವಾಯುವಿಭಾಗದ ಕೆಡೆಟ್‌ಗಳ ಅಖಿಲ ಭಾರತ ವಾಯುಸೈನಿಕ ಶಿಬಿರಗಳು ಅಲ್ಲಿ ಹಲವು ವರ್ಷ ನಡೆದಿವೆ. ಆ ಶಿಬಿರಗಳಲ್ಲಿ ಗುರಿ ಹೊಡೆಯುವುದು, ಕವಾಯತುಗಳ ಜೊತೆಗೆ ಮಾದರಿ ವಿಮಾನ ಹಾರಿಸುವುದೂ ಒಂದು ಸ್ಪರ್ಧೆ. ಮೊಣಕೈ ಉದ್ದದ ಪುಟ್ಟ ವಿಮಾನ, ಅದರ ಮೂಗಿನಲ್ಲಿ ನಿಂಬೆಹಣ್ಣಿನ ಗಾತ್ರದ ಎಂಜಿನ್, ಕಿವಿ ಗುಂಯ್‌ಗುಡಿಸುವ ಸದ್ದು. ಅದರ ಹಿಂದೆ ತೇಲಿ ಬರುವ ಹೊಗೆಯನ್ನು ಮೂಸಿದರೆ ಬಂಡಿಯ ಅಚ್ಚಿನ ನೆನಪಾಗುವ ವಾಸನೆ. ಅದು ಸುಟ್ಟ ಔಡಲೆಣ್ಣೆಯದು.

ಎಂಜಿನ್ನಿನ ಇಂಧನದ ಲೆಕ್ಕ ಸರಳ. ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಕೊಡುವ ಸಾಮಾನ್ಯ ಮಿಶ್ರಣದಲ್ಲಿ ನೂರಕ್ಕೆ ೮೦ ಪಾಲು ಮೆಥನಾಲ್, ೨೦ ಪಾಲು ಎಣ್ಣೆ. ಮೆಥನಾಲ್ ಉರಿಯುವುದಕ್ಕೆ, ಎಣ್ಣೆ ಜಾರುವುದಕ್ಕೆ. ಪೆಟ್ರೋಲ್ ಬೈಕಿನಂತೆ ಇಲ್ಲಿ ಕಿಡಿ ಹಾರಿಸುವ ಏರ್ಪಾಡಿಲ್ಲ. ಪ್ಲಗ್ಗಿನೊಳಗಿನ ಪ್ಲಾಟಿನಂ ತಂತಿಯೊಂದು ಕೆಂಡದಂತೆ ಕಾದಿದ್ದು, ಮೆಥನಾಲ್ ಆವಿ ಅದಕ್ಕೆ ತಗುಲಿ ಹೊತ್ತಿಕೊಳ್ಳುತ್ತದೆ. ಇದಕ್ಕಿಂತ ಹಳೆಯ ಇನ್ನೊಂದು ಬಗೆಯುಂಟು. ಅದಕ್ಕೆ ಡೀಸೆಲ್ ಎಂಬ ಹೆಸರಿದ್ದರೂ ಒಳಗೆ ಹಾಕುವುದು ಸೀಮೆಎಣ್ಣೆ, ಈಥರ್ ಮತ್ತು ಔಡಲೆಣ್ಣೆ, ಹೆಚ್ಚುಕಡಿಮೆ ಸಮಪಾಲು. ಎರಡರಲ್ಲೂ ಔಡಲ ತಪ್ಪಿದ್ದಲ್ಲ. ಈಚೆಗೆ ಕಾರ್ಖಾನೆಯ ಕೃತಕ ಎಣ್ಣೆಗಳು ಬಂದಿವೆ. ಆದರೂ ಎಂಜಿನ್ ಮಿತಿಮೀರಿ ಕಾದಾಗ ಕೊನೆಯತನಕ ಕೈಬಿಡದೆ ಕಾಪಾಡುವುದು ಔಡಲೆಣ್ಣೆಯೇ ಎಂಬ ನಂಬಿಕೆಯಿಂದ, ಕೃತಕ ಎಣ್ಣೆಯ ಜೊತೆ ಅದನ್ನೂ ಒಂದಿಷ್ಟು ಬೆರೆಸುವವರು ಈಗಲೂ ಇದ್ದಾರೆ.

ಈಗ ಲೆಕ್ಕ ಮುಂದುವರಿಸೋಣ. ೧೦೦ ಮಿಲಿಲೀಟರ್ ಹಿಡಿಯುವ ಟ್ಯಾಂಕಿನಲ್ಲಿ ಎಣ್ಣೆಯ ಪಾಲು ೨೦ ಮಿಲಿಲೀಟರ್, ಎಂದರೆ ನಾಲ್ಕು ಚಹದ ಚಮಚ. ಮೆಥನಾಲ್ ಉರಿದು ಹೋಗುತ್ತದೆ. ಎಣ್ಣೆಯ ಬಹುಪಾಲು ಉರಿಯದೆ ಹೊಗೆಕೊಳವೆಯಿಂದ ಹೊರಬಿದ್ದು ವಿಮಾನದ ಮೈಮೇಲೆಯೇ ಕೂರುತ್ತದೆ. ಒಂದು ಭಾನುವಾರ ಹತ್ತು ಸಲ ಹಾರಿಸಿದರೆ ಒಂದು ಲೋಟದಷ್ಟು ಎಣ್ಣೆ ಆ ಪುಟ್ಟ ಮೈಯನ್ನು ಸವರಿಕೊಂಡು ಹೋಯಿತೆಂದೇ ಅರ್ಥ. ಇನ್ನು ಟ್ಯಾಂಕು ಸೋರಿದರೆ, ರಬ್ಬರ್ ನಳಿಗೆ ಸೀಳಿದರೆ, ಉರಿಯದ ಇಂಧನವೇ ನೇರವಾಗಿ ಒಳಗಿನ ಮರಕ್ಕೆ ಇಳಿಯುತ್ತದೆ.

ಆ ಮರವೋ ಬಾಲ್ಸಾ. ದಕ್ಷಿಣ ಅಮೆರಿಕದ ಎಕ್ವಡಾರ್ ಕಡೆಯಿಂದ ಬರುವ, ಘನ ಮೀಟರಿಗೆ ಸುಮಾರು ೧೬೦ ಕಿಲೋ ತೂಗುವ ಹತ್ತಿಯಂಥ ಕಟ್ಟಿಗೆ. ಸಾಗುವಾನಿಯ ತೂಕದ ಕಾಲುಭಾಗ ಮಾತ್ರ. ೧೯೪೭ರಲ್ಲಿ ಥಾರ್ ಹೆಯರ್ದಾಲ್ ಶಾಂತಸಾಗರವನ್ನು ದಾಟಿದ ಕೊನ್‌ಟಿಕಿ ತೆಪ್ಪ ಇದರ ದಿಮ್ಮಿಗಳದೇ. ತೂಕ ಕಡಿಮೆ ಎಂದರೆ ಒಳಗೆ ಟೊಳ್ಳು ಹೆಚ್ಚು ಎಂದೇ ಅರ್ಥವಾದ್ದರಿಂದ ಬಾಲ್ಸಾ ಎಣ್ಣೆಯನ್ನು ಸಜ್ಜೆ ರೊಟ್ಟಿ ತುಪ್ಪ ಕುಡಿದ ಹಾಗೆ ಕುಡಿಯುತ್ತದೆ. ಜಾಲಿಯ ಗುಂಬಕ್ಕೆ ಮೂವತ್ತು ವರ್ಷದಲ್ಲಿ ಆದದ್ದು ಬಾಲ್ಸಾದ ಮೂಗಿಗೆ ಒಂದೇ ಬೇಸಿಗೆಯಲ್ಲಿ ಆಗಬಲ್ಲದು.

ಆಗಲಿ, ಎಣ್ಣೆ ಕುಡಿದರೆ ಕೆಟ್ಟದ್ದೇನು ಎಂದು ಕೇಳಬಹುದು. ತೂಕ ಹೆಚ್ಚುತ್ತದೆ, ಅದೂ ಮೂಗಿನ ತುದಿಯಲ್ಲಿ ಹೆಚ್ಚುವುದರಿಂದ ವಿಮಾನದ ಸಮತೋಲ ಕೆಡುತ್ತದೆ. ಆದರೆ ದೊಡ್ಡ ಅಪಾಯ ಅದಲ್ಲ. ಎಂಜಿನ್ ಕೂರುವ ಪ್ಲೈವುಡ್ ಹಲಗೆಯನ್ನು ಬಾಲ್ಸಾ ಮೈಗೆ ಹಿಡಿದಿಟ್ಟಿರುವುದು ಬರೀ ಅಂಟು. ಆ ಅಂಟಿನ ಸುತ್ತಲ ಮರ ಎಣ್ಣೆಯಿಂದ ನೆನೆದು ಮೆತ್ತಗಾದಾಗ, ನಿಮಿಷಕ್ಕೆ ಹತ್ತು ಸಾವಿರ ಸುತ್ತು ತಿರುಗುವ ಎಂಜಿನ್ನಿನ ನಡುಕಕ್ಕೆ ಜೋಡಣೆ ಸಡಿಲುತ್ತದೆ. ತಂತಿ ಹಿಡಿದು ಸುತ್ತ ಹಾರಿಸುವ ಮಾದರಿಯನ್ನೇ ತೆಗೆದುಕೊಳ್ಳಿ. ಒಂದು ಕಿಲೋ ತೂಕದ ವಿಮಾನ ೧೮ ಮೀಟರ್ ತಂತಿಯ ತುದಿಯಲ್ಲಿ ಗಂಟೆಗೆ ೯೦ ಕಿಲೋಮೀಟರ್ ವೇಗದಲ್ಲಿ ಸುತ್ತುತ್ತಿದ್ದರೆ ತಂತಿಯ ಮೇಲೆ ಬೀಳುವ ಎಳೆತ ಸುಮಾರು ಮೂರೂವರೆ ಕಿಲೋ. ಅದೇ ಎಳೆತ ಪ್ರತಿಯೊಂದು ಜೋಡಣೆಯನ್ನೂ ಹೊರಕ್ಕೆ ಜಗ್ಗುತ್ತಿರುತ್ತದೆ. ಮೂಗು ಕಿತ್ತುಬಂದರೆ, ತಿರುಗುತ್ತಿರುವ ಪಂಖದ ಸಮೇತ ಲೋಹದ ಗುಂಡೊಂದು ನೋಡಲು ನಿಂತ ಹುಡುಗರ ಕಡೆಗೇ ಹಾರಿ ಬರಬಹುದು. ಆದ್ದರಿಂದ ಎಣ್ಣೆಯ ಮರವನ್ನು ರಿಪೇರಿ ಮಾಡುವುದು ಚೆಂದಕ್ಕಾಗಿ ಮಾಡುವ ಕೆಲಸವಲ್ಲ. ಹೊರಗೆ ನುಣುಪಾಗಿ ಕಾಣುವ, ಒಳಗೆ ಎಣ್ಣೆಯ ಮೇಲೆ ಅಂಟು ಹಾಕಿದ ಜೋಡಣೆ ಮುರಿದ ಜೋಡಣೆಗಿಂತ ಹೆಚ್ಚು ಅಪಾಯದ್ದು. ಮುರಿದದ್ದನ್ನು ಯಾರೂ ಹಾರಿಸಲು ಹೋಗುವುದಿಲ್ಲವಲ್ಲ!

ಬೆಂಗಳೂರಿನಲ್ಲಿದ್ದವರು ಹಾಳಾದ ಮೂಗನ್ನು ಕತ್ತರಿಸಿ ಎಸೆದು ಹೊಸ ಬಾಲ್ಸಾ ತಂದಾರು. ತಾಲ್ಲೂಕು ಊರುಗಳಲ್ಲಿ ಅದು ಅಂಗಡಿಯಲ್ಲಿ ಸಿಗುವ ಸಾಮಾನಲ್ಲ. ದೂರದಿಂದ ಪಾರ್ಸೆಲ್ ತರಿಸಬೇಕು, ತೆಳುಹಾಳೆಗೂ ಕೈ ಸುಡುವ ಬೆಲೆ. ಇನ್ನೊಂದು ಕಾರಣವೂ ಇದೆ. ಈಗ ಹೊಸದಾಗಿ ಈ ಹವ್ಯಾಸಕ್ಕೆ ಬರುವವರು ಬ್ಯಾಟರಿಯ ಮೋಟಾರು ಹಾಕಿಕೊಳ್ಳುತ್ತಾರೆ. ಎಣ್ಣೆಯ ಗೋಜೇ ಇಲ್ಲ. ಹಾಗಾಗಿ ಕಾಲೇಜುಗಳ ಉಗ್ರಾಣದಲ್ಲೋ ನಿವೃತ್ತರ ಮನೆಯ ಅಟ್ಟದಲ್ಲೋ ಧೂಳು ತಿನ್ನುತ್ತ ಬಿದ್ದ ಹಳೆಯ ಎಣ್ಣೆ ವಿಮಾನಗಳು ಕೇಳಿದರೆ ಸಿಗುತ್ತವೆ. ಅದರ ಮೂಗನ್ನು ಒಣಗಿಸಿ ಮೋಟಾರು ಕೂರಿಸಿದರೆ ಬಡ ವಿದ್ಯಾರ್ಥಿಗೂ ವಿಮಾನವಾಯಿತು. ಒಣಗಿಸುವುದು ಹೇಗೆ ಎಂಬುದಷ್ಟೇ ಪ್ರಶ್ನೆ.

ಮೊದಲು ಎಲ್ಲರಿಗೂ ಹೊಳೆಯುವುದು ಪೆಟ್ರೋಲ್. ಜಿಡ್ಡಿದ್ದರೆ ಪೆಟ್ರೋಲಿನಿಂದ ಒರೆಸು ಎಂಬುದು ಗ್ಯಾರೇಜಿನ ಪಾಠ. ಅದು ಗ್ರೀಸಿಗೆ ಸರಿ, ಔಡಲೆಣ್ಣೆಗೆ ಅಲ್ಲ. ಔಡಲೆಣ್ಣೆಗೂ ಪೆಟ್ರೋಲಿಗೂ ಸುಲಭದಲ್ಲಿ ಕೂಡಿಬರುವುದಿಲ್ಲ. ಒಂದು ಶೀಶೆಯಲ್ಲಿ ಔಡಲೆಣ್ಣೆಗೆ ಬಹಳಷ್ಟು ಪೆಟ್ರೋಲ್ ಹಾಕಿ ಕುಲುಕಿಟ್ಟರೆ ಮತ್ತೆ ಎರಡು ಪದರವಾಗಿ ನಿಲ್ಲುತ್ತದೆ. ಇದಕ್ಕೆ ಕಾರಣ ಆ ಎಣ್ಣೆಯ ನೂರಕ್ಕೆ ಸುಮಾರು ತೊಂಬತ್ತು ಪಾಲು ರಿಸಿನೊಲಿಕ್ ಎಂಬ ಆಮ್ಲದ್ದಾಗಿರುವುದು. ಆ ಆಮ್ಲದ ಸರಪಳಿಯ ನಡುವೆ, ಸ್ಪಿರಿಟ್ಟಿನಲ್ಲಿ ಇರುವಂಥದೇ ಒಂದು ಕೊಂಡಿಯಿದೆ. ಬೇರೆ ಅಡಿಗೆ ಎಣ್ಣೆಗಳಲ್ಲಿ ಅದಿಲ್ಲ. ಹೀಗಾಗಿ ಔಡಲೆಣ್ಣೆ ತನ್ನ ಬಳಗವಾದ ಸ್ಪಿರಿಟ್ಟಿನಲ್ಲಿ ಕರಗುತ್ತದೆ, ಪೆಟ್ರೋಲನ್ನು ದೂರ ಇಡುತ್ತದೆ. ಮಾದರಿ ಡೀಸೆಲ್ಲಿನಲ್ಲಿ ಈಥರ್ ಇರುವುದರ ಒಂದು ಉದ್ದೇಶವೂ ಇದೇ: ಜಗಳವಾಡುವ ಸೀಮೆಎಣ್ಣೆ, ಔಡಲೆಣ್ಣೆಗಳನ್ನು ಒಂದೇ ಟ್ಯಾಂಕಿನಲ್ಲಿ ಕೂಡಿಸಿಡುವುದು.

ಈ ವೈರವನ್ನೇ ಒಮ್ಮೆ ಜಗತ್ತು ಉಪಯೋಗಿಸಿಕೊಂಡಿತ್ತು. ಮೊದಲ ಮಹಾಯುದ್ಧದ ವಿಮಾನಗಳಲ್ಲಿ ಅನೇಕವಕ್ಕೆ, ಎಂಜಿನ್ನಿನ ಇಡೀ ಮೈಯೇ ಪಂಖದ ಜೊತೆ ಸುತ್ತುವ ಗ್ನೋಮ್, ಲೆ ರೋನ್ ಎಂಬ ಯಂತ್ರಗಳಿದ್ದವು. ಅವುಗಳಲ್ಲಿ ಪೆಟ್ರೋಲ್ ಆವಿ ಹಾದುಹೋಗುತ್ತಿದ್ದುದು ಎಣ್ಣೆಯಿರುವ ಕೋಣೆಯ ಮೂಲಕವೇ. ಬೇರೆ ಎಣ್ಣೆಯಾದರೆ ಪೆಟ್ರೋಲಿನಲ್ಲಿ ಕರಗಿ ತೆಳ್ಳಗಾಗುತ್ತಿತ್ತು, ಔಡಲೆಣ್ಣೆ ಆಗುತ್ತಿರಲಿಲ್ಲ. ಬಳಸಿದ ಎಣ್ಣೆಯನ್ನು ಹಿಡಿದಿಡುವ ಏರ್ಪಾಡಿಲ್ಲದೆ ಅದೆಲ್ಲ ಗಾಳಿಗೆ, ಹಿಂದೆ ಕೂತ ಪೈಲಟನ ಮುಖಕ್ಕೆ ಹಾರುತ್ತಿತ್ತು. ಔಡಲೆಣ್ಣೆ ಹೊಟ್ಟೆಗೆ ಹೋದರೆ ಏನಾಗುತ್ತದೆಂಬುದು ನಮ್ಮ ಅಜ್ಜಿಯಂದಿರ ಕೈಯಲ್ಲಿ ಬೆಳೆದ ಯಾರಿಗೂ ಹೇಳಬೇಕಾಗಿಲ್ಲ. ೧೯೦೯ರಲ್ಲಿ ಬಂದ ಇಂಗ್ಲೆಂಡಿನ ಕ್ಯಾಸ್ಟ್ರಾಲ್ ಎಣ್ಣೆಯ ಹೆಸರು ಹುಟ್ಟಿದ್ದೂ ಕ್ಯಾಸ್ಟರ್ ಎಂಬ ಔಡಲದ ಇಂಗ್ಲಿಷ್ ಹೆಸರಿನಿಂದಲೇ.

ಇದರಿಂದ ಸಿಗುವ ತಿಳಿವಳಿಕೆ ಇಷ್ಟು. ಮರದೊಳಗೆ ಇರುವುದು ಯಾವ ಎಣ್ಣೆ ಎಂದು ಮೊದಲು ಗೊತ್ತುಮಾಡಿಕೊಳ್ಳಬೇಕು. ಮೆಥನಾಲ್ ಎಂಜಿನ್ನಿನ ವಿಮಾನವಾದರೆ ಸ್ಪಿರಿಟ್. ಸೀಮೆಎಣ್ಣೆಯ ಡೀಸೆಲ್ಲಾದರೆ ಕೆಲವು ದಿನ ಗಾಳಿಗಿಟ್ಟು ಸೀಮೆಎಣ್ಣೆಯ ವಾಸನೆ ಹೋದ ಮೇಲೆ ಸ್ಪಿರಿಟ್. ಪೆಟ್ರೋಲ್ ಎಂಜಿನ್ನಿನ ದೊಡ್ಡ ಮಾದರಿಯಾದರೆ ಅದರಲ್ಲಿರುವುದು ಸ್ಕೂಟರಿಗೆ ಹಾಕುವಂಥ ಟೂ-ಸ್ಟ್ರೋಕ್ ಎಣ್ಣೆ. ಅದಕ್ಕೆ ಪೇಂಟ್ ಅಂಗಡಿಯ ಟರ್ಪೆಂಟೈನ್ ನಡೆಯುತ್ತದೆ. ಕುಸುಬಿ, ಅಗಸೆ ಎಣ್ಣೆ ತಿಕ್ಕಿದ ಹಳೆಯ ಬಾಗಿಲುಗಳ ಮಾತೇ ಬೇರೆ. ಅವು ಗಾಳಿಗೆ ಒಣಗಿ ಅರಗಿನ ಹಾಗೆ ಗಟ್ಟಿಯಾಗುವ ಎಣ್ಣೆಗಳು. ಒಣಗಿದ್ದು ಯಾವ ಸ್ಪಿರಿಟ್ಟಿಗೂ ಸುಲಭಕ್ಕೆ ಜಗ್ಗದು, ಕೀಸಿಯೇ ತೆಗೆಯಬೇಕು.

ಸ್ಪಿರಿಟ್ ಎಂದಾಗ ಯಾವುದು ಎಂಬುದೂ ಮುಖ್ಯ. ಔಷಧಿ ಅಂಗಡಿಯಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೊಹಾಲ್ ಎಲ್ಲಕ್ಕಿಂತ ಅನುಕೂಲ. ಪೀಠೋಪಕರಣಕ್ಕೆ ಪಾಲಿಷ್ ಮಾಡುವವರು ಅರಗು ಕರಗಿಸಲು ಬಳಸುವ ಸ್ಪಿರಿಟ್ ಕೂಡ ಆಗುತ್ತದೆ. ಆದರೆ ಕುಡಿಯದಿರಲೆಂದು ಅದಕ್ಕೆ ವಿಷ ಬೆರೆಸಿರುತ್ತಾರೆ. ಅಸಿಟೋನ್ ಇನ್ನೂ ಚುರುಕು, ಆದರೆ ಬಣ್ಣವನ್ನೂ ಥರ್ಮೊಕೋಲ್ ರೆಕ್ಕೆಯನ್ನೂ ಕರಗಿಸಿಬಿಡುತ್ತದೆ. ಎಂಜಿನ್ನಿನ ಇಂಧನವೇ ಇದೆಯಲ್ಲ, ಮೆಥನಾಲ್‌ನಿಂದಲೇ ಒರೆಸಿದರಾಯಿತು ಎಂದು ಯಾರೂ ಹೊರಡಬಾರದು. ೧೯೮೧ರಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿಗೆ ಸೇರಿ ಮುನ್ನೂರಕ್ಕೂ ಹೆಚ್ಚು ಜನರ ಪ್ರಾಣ ತೆಗೆದದ್ದು ಇದೇ ಮೆಥನಾಲ್. ಎರಡು ಚಮಚದಷ್ಟು ಹೊಟ್ಟೆಗಿಳಿದರೂ ಕಣ್ಣು ಹೋಗಬಹುದು. ಚರ್ಮದ ಮೂಲಕವೂ, ಉಸಿರಿನ ಮೂಲಕವೂ ಒಳಸೇರುತ್ತದೆ. ಅದರ ಬೆಂಕಿ ಹಗಲು ಬೆಳಕಿನಲ್ಲಿ ಕಣ್ಣಿಗೆ ಕಾಣುವುದೂ ಇಲ್ಲ.

ಇನ್ನು ಕೆಲಸದ ಕ್ರಮ. ಎಂಜಿನ್, ಟ್ಯಾಂಕು, ನಳಿಗೆಗಳನ್ನೆಲ್ಲ ಬಿಚ್ಚಿ ತೆಗೆದ ಮೇಲೆ, ಮೂಗಿನ ಭಾಗದ ಹೊದಿಕೆಯನ್ನು ಎಣ್ಣೆಯ ಕಲೆ ಮುಗಿದಲ್ಲಿಂದ ಒಂದೆರಡು ಬೆರಳು ಆಚೆತನಕ ಸುಲಿಯಬೇಕು. ಹೊದಿಕೆಯ ಅಡಿಯಲ್ಲಿ ಎಣ್ಣೆ ಕಣ್ಣಿಗೆ ಕಂಡದ್ದಕ್ಕಿಂತ ದೂರ ಹರಿದಿರುತ್ತದೆ. ಮೇಲಿನ ಜಿಡ್ಡನ್ನು ಹಳೆಯ ಹತ್ತಿ ಬಟ್ಟೆಯಿಂದ ಒತ್ತಿ ಒತ್ತಿ ತೆಗೆಯಬೇಕು, ತಿಕ್ಕಬಾರದು. ಇಲ್ಲಿಗೆ ಒರೆಸುವ ಕೆಲಸ ಮುಗಿಯಿತು. ಮುಂದಿನದು ಹೀರಿಸುವ ಕೆಲಸ.

ಹೆಚ್ಚಿನವರು ಎಡವುವುದು ಇಲ್ಲಿಯೇ. ಬಟ್ಟೆಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಮರವನ್ನು ಮತ್ತೆ ಮತ್ತೆ ಒರೆಸುತ್ತಾರೆ. ಪ್ರತಿ ಸಲವೂ ಮೇಲ್ಮೈ ಬಿಳುಪಾಗುತ್ತದೆ, ತೃಪ್ತಿಯಾಗುತ್ತದೆ. ಆಗುವುದು ಏನೆಂದರೆ, ತೆಳ್ಳಗಾದ ಎಣ್ಣೆಯಲ್ಲಿ ಸ್ವಲ್ಪ ಬಟ್ಟೆಗೆ ಬಂದು ಉಳಿದದ್ದು ಸ್ಪಿರಿಟ್ಟಿನ ಜೊತೆ ಇನ್ನೂ ಆಳಕ್ಕೆ ಇಳಿಯುತ್ತದೆ. ಸ್ಪಿರಿಟ್ ಆರಿಹೋಗುತ್ತದೆ, ಎಣ್ಣೆ ಅಲ್ಲೇ ಉಳಿಯುತ್ತದೆ. ಎರಡು ದಿನ ಬಿಟ್ಟು ನೋಡಿದರೆ ಅದೇ ಕಲೆ ಮೇಲೆ ಬಂದು ಕೂತಿರುತ್ತದೆ. ಅಷ್ಟರಲ್ಲಿ ಅಂಟು ಹಾಕಿ ಮುಗಿಸಿದ್ದರೆ ಅಂಟಿನ ಕೆಳಗೆ ಬಂದು ಕೂರುತ್ತದೆ.

ಎಣ್ಣೆಯನ್ನು ಹೊರಗೆ ಕರೆಯಬೇಕಾದರೆ ಹೊರಗಡೆ ಮರಕ್ಕಿಂತ ಹೆಚ್ಚು ಬಾಯಾರಿದ್ದೇನಾದರೂ ಕಾದು ಕೂತಿರಬೇಕು. ಬಾವಿಗೆ ಪಟ್ಟು ಹಾಕುವ ನಮ್ಮ ಮನೆಮದ್ದೇ ಇಲ್ಲಿಯೂ ನಡೆಯುತ್ತದೆ. ನುಣ್ಣನೆಯ ಒಣಪುಡಿಯ ಕಣಗಳ ನಡುವಿನ ಸಂದು ಮರದ ನಾಳಗಳಿಗಿಂತ ಕಿರಿದು. ದೀಪದ ಬತ್ತಿ ಎಣ್ಣೆಯನ್ನು ಏರಿಸಿಕೊಳ್ಳುವಂತೆ ಕಿರಿದಾದ ಸಂದು ಅಗಲವಾದ ನಾಳದಿಂದ ಎಣ್ಣೆಯನ್ನು ಎಳೆದುಕೊಳ್ಳುತ್ತದೆ. ಸೀಮೆಸುಣ್ಣದ ಪುಡಿ, ಮುಲ್ತಾನಿ ಮಿಟ್ಟಿ, ಮಕ್ಕಳಿಗೆ ಹಾಕುವ ಟಾಲ್ಕಂ ಪೌಡರ್ ಯಾವುದಾದರೂ ಆದೀತು. ಪುಡಿಯನ್ನು ಸ್ಪಿರಿಟ್ಟಿನಲ್ಲಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ, ಎಣ್ಣೆಯ ಭಾಗದ ಮೇಲೆ ಬೆರಳಿನ ಅರ್ಧ ದಪ್ಪಕ್ಕೆ ಮೆತ್ತಬೇಕು. ಸ್ಪಿರಿಟ್ ಮರದೊಳಗೆ ಇಳಿದು ಎಣ್ಣೆಯನ್ನು ತೆಳುಮಾಡುತ್ತದೆ. ಮತ್ತೆ ಅದು ಆರುವುದು ಪಟ್ಟಿನ ಹೊರಮೈಯಿಂದ. ಹೊರಗೆ ಆರುತ್ತಾ ಹೋದಂತೆ ಒಳಗಿನದು ಹೊರಕ್ಕೆ ಸರಿಯುತ್ತದೆ, ಬರುವಾಗ ಎಣ್ಣೆಯನ್ನೂ ಜೊತೆಗೆ ತರುತ್ತದೆ. ಪುಡಿಯಲ್ಲಿ ಎಣ್ಣೆ ಉಳಿಯುತ್ತದೆ, ಸ್ಪಿರಿಟ್ ಹಾರಿಹೋಗುತ್ತದೆ.

ರಾತ್ರಿ ಮೆತ್ತಿ ಬೆಳಿಗ್ಗೆ ನೋಡಿದರೆ ಬಿಳಿಯ ಪಟ್ಟು ಬೆಲ್ಲದ ಬಣ್ಣಕ್ಕೆ ತಿರುಗಿರುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಅದನ್ನು ಉದುರಿಸಿ ಹೊಸ ಪಟ್ಟು ಮೆತ್ತಬೇಕು. ಒಂದೇ ಪಟ್ಟಿಗೆ ಮುಗಿಯಿತೆಂದು ತಿಳಿಯುವುದು ಆತುರ. ನಾಲ್ಕೈದು ಸಲ ಬೇಕಾಗುತ್ತದೆ. ಹೆಚ್ಚು ನೆನೆದದ್ದಾದರೆ ಒಂದು ವಾರ. ಪಟ್ಟು ಬಿಳಿಯಾಗಿಯೇ ಉಳಿದ ದಿನ ನಿಲ್ಲಿಸಬಹುದು.

ಬಿಸಿ ತಗುಲಿದರೆ ಮಂದವಾದ ಔಡಲೆಣ್ಣೆ ನೀರಾಗಿ ಬೇಗ ಹೊರಬರುತ್ತದೆ. ಕೂದಲು ಒಣಗಿಸುವ ಡ್ರೈಯರ್ ಇದ್ದವರು ಅದನ್ನು ಬಳಸುತ್ತಾರೆ. ರಾಯಚೂರು ಜಿಲ್ಲೆಯವರಿಗೆ ಆ ಖರ್ಚಿಲ್ಲ. ೪೦ ಡಿಗ್ರಿ ದಾಟುವ ಇಲ್ಲಿನ ಬೇಸಿಗೆಯ ಬಿಸಿಲನ್ನು ಬೈಯುವವರೇ ಹೆಚ್ಚು, ಆದರೆ ಈ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಒಲೆಯಿಲ್ಲ. ಒಣಪುಡಿಯನ್ನು ಹೇರಿದ ಮೂಗನ್ನು ಮಾಳಿಗೆಯ ಮೇಲೆ ಮಧ್ಯಾಹ್ನ ಎರಡು ಗಂಟೆ ಇಟ್ಟರೆ ಸಾಕು. ರೆಕ್ಕೆಯ ಹೊದಿಕೆ ಬಿಸಿಗೆ ಸುಕ್ಕಾಗುತ್ತದೆಯಾದ್ದರಿಂದ ಉಳಿದ ಭಾಗವನ್ನು ಬಿಳಿ ಬಟ್ಟೆಯಿಂದ ಮುಚ್ಚಬೇಕು. ಒಂದು ಮಾತನ್ನು ಮಾತ್ರ ಮರೆಯುವಂತಿಲ್ಲ. ಸ್ಪಿರಿಟ್ ಪೂರ್ತಿ ಆರಿ, ವಾಸನೆ ಹೋದ ಮೇಲಷ್ಟೇ ಡ್ರೈಯರ್. ಹಸಿ ಪಟ್ಟಿಗೆ ಡ್ರೈಯರ್ ಹಿಡಿಯುವುದೆಂದರೆ ಕೈಯಾರೆ ಬೆಂಕಿ ಕೊಟ್ಟಂತೆ. ಅಡಿಗೆಮನೆಯಲ್ಲಿ, ದೇವರ ದೀಪ ಉರಿಯುವ ಕೋಣೆಯಲ್ಲಿ ಈ ಕೆಲಸ ಬೇಡವೇ ಬೇಡ.

ಪುಡಿಯ ವಿಷಯದಲ್ಲಿ ಎರಡು ಎಚ್ಚರಿಕೆಗಳಿವೆ. ಜೋಳದ ಹಿಟ್ಟು, ಕಡಲೆ ಹಿಟ್ಟು ಎಣ್ಣೆ ಹೀರುತ್ತವೆ, ನಿಜ. ಅಭ್ಯಂಜನದ ದಿನ ಮೈಗೆ ಹಚ್ಚಿಕೊಳ್ಳುವುದೂ ಅದಕ್ಕೇ. ಆದರೆ ಮರದ ಸಂದಿನಲ್ಲಿ ಉಳಿದ ಹಿಟ್ಟಿಗೆ ಇರುವೆ, ನುಸಿ ಬರುತ್ತವೆ. ಎರಡನೆಯದು ಬೂದಿ ಮತ್ತು ಸವಳು ಮಣ್ಣು. ಕಾಲುವೆ ನೀರಿನ ಸಿಂಧನೂರು ಕಡೆ ಹೊಲಗಳಲ್ಲಿ ಬೆಳ್ಳಗೆ ಏಳುವ ಸವಳು ಬೆಳೆಗೆ ವೈರಿಯಾದರೂ, ಹಿಂದೆ ಬಟ್ಟೆ ಒಗೆಯುವವರಿಗೆ ಸವಳು ಮಣ್ಣೇ ಸೋಪು. ಬಂಡಿಯ ಗುಂಬಕ್ಕೆ ಅದು ಒಳ್ಳೆಯ ಮದ್ದು. ಸವಳನ್ನೋ ವಾಷಿಂಗ್ ಸೋಡಾವನ್ನೋ ಬಿಸಿನೀರಿನಲ್ಲಿ ಕಲಸಿ ತಿಕ್ಕಿದರೆ ಎಣ್ಣೆ ಸೋಪಾಗಿ ಮಾರ್ಪಟ್ಟು ತೊಳೆದು ಹೋಗುತ್ತದೆ. ಜಾಲಿ ಅಂಥ ಏಟುಗಳನ್ನು ತಡೆಯುತ್ತದೆ. ಬಾಲ್ಸಾ ತಡೆಯುವುದಿಲ್ಲ. ನೀರಿಗೆ ಉಬ್ಬಿ, ಒಣಗುವಾಗ ಸೊಟ್ಟಗಾಗುತ್ತದೆ. ಒಳಗೆ ಆದ ಸೋಪು ತೊಳೆದು ಹೋಗದೆ ಅಲ್ಲೇ ಉಳಿಯುತ್ತದೆ. ಸೋಪಿನ ಮೇಲೆ ಅಂಟು ನಿಂತೀತೆ? ಎಣ್ಣೆಗಿಂತ ಅದೇ ಕೇಡು.

ಎಣ್ಣೆ ಹೋಯಿತೇ ಇಲ್ಲವೇ ಎಂದು ತಿಳಿಯಲು ಕಣ್ಣನ್ನು ನಂಬಬಾರದು. ಒಂದು ಹನಿ ನೀರನ್ನು ಮರದ ಮೇಲೆ ಬಿಟ್ಟು ನೋಡಬೇಕು. ಕೆಸುವಿನ ಎಲೆಯ ಮೇಲಿನಂತೆ ಮುತ್ತಾಗಿ ನಿಂತರೆ ಎಣ್ಣೆ ಇನ್ನೂ ಇದೆ. ಹರಡಿ ಒಳಗಿಳಿದರೆ ಮರ ಒಣಗಿದೆ. ಹೊಸ ಬಾಲ್ಸಾ ಚೂರೊಂದರ ಮೇಲೂ ಇನ್ನೊಂದು ಹನಿ ಬಿಟ್ಟು ಹೋಲಿಸಿದರೆ ಸಂಶಯಕ್ಕೆ ಎಡೆಯಿರದು. ಇನ್ನೊಂದು ಉಪಾಯವೆಂದರೆ ಮರದ ಮೇಲೆ ತೆಳುಕಾಗದ ಹಾಸಿ ಹದವಾದ ಇಸ್ತ್ರಿಪೆಟ್ಟಿಗೆ ಒತ್ತುವುದು. ಎಣ್ಣೆ ಉಳಿದಿದ್ದರೆ ಮಿರ್ಚಿ ಕಟ್ಟಿದ ಪೇಪರಿನ ಹಾಗೆ ಕಾಗದ ಪಾರದರ್ಶಕವಾಗುತ್ತದೆ.

ಎಷ್ಟು ಪಟ್ಟು ಹಾಕಿದರೂ ಜಗ್ಗದ ಮರವೂ ಇರುತ್ತದೆ. ಎಂಜಿನ್ನಿನ ಬಿಸಿಗೆ ಔಡಲೆಣ್ಣೆ ಬೆಂದು ಕಂದು ಅರಗಾದ ಕಡೆ ಸ್ಪಿರಿಟ್ಟಿನ ಆಟ ನಡೆಯದು. ಉಗುರು ಒತ್ತಿದರೆ ನೆನೆದ ಬ್ರೆಡ್ಡಿನಂತೆ ತಗ್ಗು ಬೀಳುವ ಮರದಲ್ಲಿ ಎಣ್ಣೆ ತೆಗೆದರೂ ಕಸುವು ಮರಳುವುದಿಲ್ಲ. ಅಂಥದನ್ನು ಕತ್ತರಿಸಲೇಬೇಕು, ಅದೂ ಕಲೆಯ ಅಂಚಿಗಲ್ಲ, ಅಂಚಿನಿಂದ ಒಂದೆರಡು ಸೆಂಟಿಮೀಟರ್ ಒಳ್ಳೆಯ ಮರದೊಳಗೆ. ಎದುರುಬದಿರು ನೇರ ಕೊಯ್ತಕ್ಕಿಂತ ಉದ್ದನೆಯ ಓರೆ ಕೊಯ್ತ ಮೇಲು. ಮರದ ದಪ್ಪದ ಎಂಟು ಪಟ್ಟು ಉದ್ದದ ಓರೆಯಿದ್ದರೆ ಅಂಟು ಹಿಡಿಯುವ ಜಾಗವೂ ಅದೇ ಲೆಕ್ಕದಲ್ಲಿ ಹೆಚ್ಚುತ್ತದೆ. ಹಳೆಯ ಮರಕ್ಕೆ ಮಮತೆ ತೋರಿಸುವುದು ಒಳ್ಳೆಯದೇ, ಆದರೆ ಎಂಜಿನ್ ಹೊರುವ ಜಾಗದಲ್ಲಿ ಆ ಮಮತೆ ಸಲ್ಲದು.

ಅಂಟಿನಲ್ಲಿಯೂ ಆಯ್ಕೆ ಬೇಕು. ಕ್ಷಣದಲ್ಲಿ ಹಿಡಿಯುವ ಫೆವಿಕ್ವಿಕ್ ಜಾತಿಯ ಅಂಟು ಎಣ್ಣೆಯ ಸುಳಿವಿದ್ದ ಕಡೆ ನಿಲ್ಲದು. ನೀರಿನಲ್ಲಿ ಕಲಸಿದ ಬಿಳಿ ಫೆವಿಕಾಲ್ ಎಣ್ಣೆಯ ಪಸೆಯಿದ್ದ ಕಡೆ ಮರದೊಳಗೆ ಇಳಿಯುವುದೇ ಇಲ್ಲ. ಎರಡು ಟ್ಯೂಬು ಬೆರೆಸಿ ಹಚ್ಚುವ ಎಪಾಕ್ಸಿಯೇ ಈ ಕೆಲಸಕ್ಕೆ ಸರಿ. ಅದರಲ್ಲೂ ಐದು ನಿಮಿಷದಲ್ಲಿ ಗಟ್ಟಿಯಾಗುವುದಕ್ಕಿಂತ ಒಂದು ರಾತ್ರಿ ತೆಗೆದುಕೊಳ್ಳುವುದು ಮೇಲು. ಮರದೊಳಗೆ ಇಳಿಯಲು ಅದಕ್ಕೆ ಪುರುಸೊತ್ತಿರುತ್ತದೆ. ಅಂಟು ಹಚ್ಚುವ ಮುನ್ನ ಉಪ್ಪುಕಾಗದದಿಂದ ತಿಕ್ಕಿ ಹೊಸ ಮೈ ತೆಗೆದು, ಒಂದು ತಾಸಿನೊಳಗೆ ಜೋಡಿಸಿಬಿಡಬೇಕು. ನಾಳೆಗೆ ಬಿಟ್ಟರೆ ಆಳದಲ್ಲಿ ಉಳಿದ ಎಣ್ಣೆ ಮತ್ತೆ ಮೇಲೇರುತ್ತದೆ. ಬಂಡಿ ಮಾಡುವ ಬಡಿಗರು ಅಂಟನ್ನು ನಂಬಿದವರಲ್ಲ, ಬಿದಿರಿನ ಮೊಳೆ ಹೊಡೆದೇ ಜೋಡಿಸಿದವರು. ಎಂಜಿನ್ ಹಲಗೆಯ ಅಂಚಿನಿಂದ ಬಾಲ್ಸಾದೊಳಕ್ಕೆ ಕಡ್ಡಿಯಂಥ ನಾಲ್ಕು ಬಿದಿರ ಮೊಳೆಗಳನ್ನು ಎಪಾಕ್ಸಿಯಲ್ಲಿ ಅದ್ದಿ ಹೊಡೆದರೆ ಅವರ ಬುದ್ಧಿಯೇ ವಿಮಾನಕ್ಕೂ ಬಂದಂತಾಯಿತು.

ಕೊನೆಗೆ, ಮತ್ತೆ ಎಣ್ಣೆ ಒಳಗೆ ಹೋಗದಂತೆ ಬಾಗಿಲು ಮುಚ್ಚುವುದು. ಕಟ್ಟುವಾಗಲೇ ಮಾಡಬೇಕಾದ ಕೆಲಸವಿದು, ಬಹಳ ಮಂದಿ ಬಿಟ್ಟಿರುತ್ತಾರೆ. ಎಂಜಿನ್ ಹಲಗೆಯ ಎರಡೂ ಮುಖ, ಟ್ಯಾಂಕು ಕೂರುವ ಗೂಡು, ಮೊಳೆ ಹೊಡೆಯಲು ಕೊರೆದ ತೂತುಗಳ ಒಳಮೈ, ಇಷ್ಟಕ್ಕೂ ಎಪಾಕ್ಸಿಯನ್ನು ತುಸು ಬಿಸಿಮಾಡಿ ತೆಳುವಾಗಿಸಿ ಬ್ರಷ್ಷಿನಿಂದ ಬಳಿಯಬೇಕು. ಹಳೆಯ ಮಾದರಿಗಳ ಮೇಲಿರುವ ನೈಟ್ರೇಟ್ ಡೋಪ್ ಎಂಬ ಲೇಪವನ್ನು ನಂಬಿ ಕೂರುವಂತಿಲ್ಲ. ಮೆಥನಾಲ್ ತಗುಲಿದರೆ ಅದು ಮೆತ್ತಗಾಗಿ ಕರಗುತ್ತದೆ. ತೂತುಗಳನ್ನು ಮರೆಯುವವರೇ ಜಾಸ್ತಿ. ಎಣ್ಣೆ ಮಾತ್ರ ಅವನ್ನು ಮರೆಯುವುದಿಲ್ಲ. ಬೋಲ್ಟಿನ ಎಳೆಗಳನ್ನು ಹಿಡಿದು ನೇರವಾಗಿ ಪ್ಲೈವುಡ್ಡಿನ ನಡುಪದರಕ್ಕೆ ಇಳಿಯುತ್ತದೆ. ಬ್ಯಾಟರಿ ಮೋಟಾರು ಹಾಕುವವರಿಗೆ ಈ ಕಷ್ಟವಿಲ್ಲ. ಆದರೂ ಆಳದಲ್ಲಿ ಉಳಿದಿರಬಹುದಾದ ಎಣ್ಣೆ ಮೋಟಾರಿನ ಬಿಸಿಗೆ ಮೇಲೇಳದಂತೆ ಒಂದು ಕೈ ಬಳಿಯುವುದು ಲೇಸು.

ರಿಪೇರಿಯಾದ ವಿಮಾನವನ್ನು ನೇರವಾಗಿ ಆಕಾಶಕ್ಕೆ ಬಿಡಬಾರದು. ನೆಲದ ಮೇಲೆಯೇ ಬಾಲವನ್ನು ಗಟ್ಟಿಯಾಗಿ ಹಿಡಿದು, ಪಂಖದ ನೇರಕ್ಕೆ ಯಾರೂ ನಿಲ್ಲದಂತೆ ನೋಡಿಕೊಂಡು, ಹತ್ತು ನಿಮಿಷ ಎಂಜಿನ್ ಓಡಿಸಿ ನಿಲ್ಲಿಸಬೇಕು. ಆರಿದ ಮೇಲೆ ಬೋಲ್ಟುಗಳನ್ನು ಬಿಚ್ಚಿ ಜೋಡಣೆಯ ಉದ್ದಕ್ಕೂ ಕೂದಲಿನಂಥ ಬಿರುಕೇನಾದರೂ ಇದೆಯೇ ಎಂದು ಬಿಸಿಲಿಗೆ ಹಿಡಿದು ನೋಡಬೇಕು. ಬಿರುಕಿನ ಅಂಚಿನಲ್ಲಿ ಸಣ್ಣಗೆ ಎಣ್ಣೆ ಜಿನುಗಿದ್ದರೆ ಮತ್ತೆ ಒಂದು ವಾರದ ಪಟ್ಟಿಗೆ ಅಣಿಯಾಗಬೇಕಾದ್ದೇ.